ಸೊಂಟದ ಅಳತೆ ಬರೆದಿಡದ ಗೌನಕ್ಕ

ಬೆಳಗಿನ ಐದೂಮುಕ್ಕಾಲು. ಪೂರ್ವದ ಕಿಟಕಿಯ ಬೆಳಕು ಮೇಜಿನ ಅಂಚಿಗೆ ಬಂದು ನಿಂತಿದೆ. ಗೌನಕ್ಕ ಬಿಳಿ ಬಟ್ಟೆಯ ತುದಿಯನ್ನು ಎಡಗೈ ತೋರುಬೆರಳ ಮೇಲೆ ಮಡಚಿ ಹಿಡಿದು, ಬಿಳಿ ದಾರದಲ್ಲಿ ಹೊಲಿಗೆ ಹಾಕುತ್ತಿದ್ದಾರೆ. ಬಿಳಿಯ ಮೇಲೆ ಬಿಳಿ ಸರಿಯಾಗಿ ಕಾಣುವುದು ಈ ಹೊತ್ತಿನಲ್ಲಿ ಮಾತ್ರ. ಬಲ್ಬಿನ ಕೆಳಗೆ ಎಲ್ಲವೂ ಹಳದಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕೋರೈಸುತ್ತದೆ.

ಸೂಜಿ ಬೆರಳಿಗೆ ಚುಚ್ಚುತ್ತದೆ. ಸಾಸಿವೆ ಕಾಳಿನಷ್ಟು ರಕ್ತ ಬಟ್ಟೆಗೆ ತಾಗುತ್ತದೆ. ಗೌನಕ್ಕನಿಗೆ ಗಾಬರಿಯಿಲ್ಲ. ಒಂದು ತುಣುಕು ದಾರವನ್ನು ಬಾಯಲ್ಲಿಟ್ಟು ನೆನೆಸಿ, ಕಲೆಯ ಮೇಲೆ ಒತ್ತಿ ಉಜ್ಜುತ್ತಾರೆ. ನಿಮಿಷದಲ್ಲಿ ಕಲೆ ಮಾಯ.

"ನಮ್ಮ ರಕ್ತಕ್ಕೆ ನಮ್ಮ ಉಗುಳೇ ಮದ್ದು. ನಾನು ಹೊಲಿದ ಒಂದು ಗೌನೂ ಕಲೆ ಆಗದೆ ಈ ಬಾಗಿಲು ದಾಟಿಲ್ಲ. ವಧುವಿಗೆ ಹೇಳಬೇಡಿ ಅಷ್ಟೇ" ಎಂದು ನಗುತ್ತಾರೆ.

ಐವತ್ತಾರರ ಈ ದರ್ಜಿ ಹೊಲಿಯುವುದು ಮದುವೆಯ ಗೌನು ಮಾತ್ರ, ಊರಿಗೆಲ್ಲ ಗೌನಕ್ಕ ಆದದ್ದು ಅದರಿಂದಲೇ. ಮನೆಯ ಎರಡು ಬೀದಿ ಆಚೆ ಇರುವ ಚರ್ಚಿನಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಇವರ ಕೈಹೊಲಿಗೆ ತೊಡದವರು ಕಡಿಮೆ. ಶುರುಮಾಡಿದ್ದು ಹದಿನೇಳರಲ್ಲಿ. ಒಂದು ಗೌನಿನ ಕೆಳಗಿನ ಘೇರು ಐದು ಮೀಟರು. ಅದನ್ನು ಮಿಷನ್ನಿಗೆ ಕೊಡದೆ ಕೈಯಲ್ಲೇ ಹೊಲಿಯಲು ಎರಡು ಬೆಳಗು ಬೇಕು. ಎದೆಯ ಮೇಲಿನ ಮಣಿಗಳು ಎಂಟುನೂರರ ಹತ್ತಿರ. ಒಟ್ಟು ಎಷ್ಟು ಗೌನು ಆಗಿರಬಹುದು ಎಂದು ಕೇಳಿದರೆ, "ಆರುನೂರು ದಾಟಿರಬೇಕು. ನಾನು ಪುಸ್ತಕ ಇಡಲ್ಲ" ಎನ್ನುತ್ತಾರೆ.

ಅಳತೆಯ ಪುಸ್ತಕವಿಲ್ಲದ ದರ್ಜಿಯನ್ನು ಬೇರೆಲ್ಲಾದರೂ ಕಾಣುವುದು ಕಷ್ಟ. ಇವರ ಬಳಿ ಅಂಕಿ ಇರುವ ಟೇಪೂ ಇಲ್ಲ. ಪ್ರತಿ ವಧುವಿಗೂ ಒಂದು ಹೊಸ ಬಿಳಿ ರಿಬ್ಬನ್. ಎದೆ, ಸೊಂಟ, ತೋಳು ಎಂದು ಅದರಲ್ಲೇ ಅಳೆದು ಗಂಟು ಹಾಕುತ್ತಾರೆ. ಗಂಟಿಗೆ ಗಂಟು ಹೊಂದಿಸಿ ಬಟ್ಟೆ ಕತ್ತರಿಸುತ್ತಾರೆ. ಗೌನು ಒಪ್ಪಿಸುವ ದಿನ ರಿಬ್ಬನ್ನನ್ನೂ ಸುತ್ತಿ ವಧುವಿನ ಕೈಗಿಡುತ್ತಾರೆ. ಆಕೆಯ ಮೈಯ ಲೆಕ್ಕ ಆಕೆಯ ಜೊತೆಗೇ ಹೋಗುತ್ತದೆ. ಜೊತೆಗೆ, ಪ್ರತಿ ಗೌನಿನ ಪಕ್ಕದ ಹೊಲಿಗೆಯೊಳಗೆ ಮೂರು ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಾರೆ, ಯಾರೂ ಕೇಳದಿದ್ದರೂ.

ಈ ಪದ್ಧತಿ ಬಂದದ್ದು ಒಂದು ತಪ್ಪಿನಿಂದ. ಗೌನಕ್ಕ ಅದನ್ನು ಮುಚ್ಚಿಡುವುದಿಲ್ಲ. ಪತ್ರಿಕೆಗೆ ಹೇಳಬಹುದೇ ಎಂದು, ಆ ತಪ್ಪಿನಿಂದ ನೊಂದವರನ್ನು ಬೇರೆಯವರ ಮೂಲಕ ಮೊದಲೇ ಕೇಳಿದ್ದಾರೆ. "ನಡೆದದ್ದನ್ನ ನಡೆದ ಹಾಗೆ ಹೇಳಲಿ" ಎಂದಷ್ಟೇ ಉತ್ತರ ಬಂದಿದೆ.

ಅದಕ್ಕೆ ಮೊದಲು ಅವರ ಗಂಡನ ವಿಷಯ ಹೇಳಬೇಕು. ಅವರು ಬಡಗಿ, ಚರ್ಚಿನ ಬೆಂಚುಗಳ ಕಾಲು ರಿಪೇರಿ ಮಾಡುವವರು. ಮೂವರು ತಂಗಿಯರ ಮದುವೆ ಮುಗಿಸಿಯೇ ತನ್ನದು ಎಂದು ಹಟ ಹಿಡಿದಿದ್ದರು. ನಿಶ್ಚಯವಾಗಿ ಆರು ವರ್ಷ ಇಬ್ಬರೂ ಕಾದರು. ಮದುವೆಗೆ ಮುಂಚೆ ಮೈ ದೇವರಿಗೆ ಮೀಸಲು ಎಂದು ಚರ್ಚಿನ ಸಭೆಯಲ್ಲಿ ಕಲಿಸಿದ್ದನ್ನು ಇಬ್ಬರೂ ಅಕ್ಷರಶಃ ಪಾಲಿಸಿದರು.

"ಆರು ವರ್ಷದಲ್ಲಿ ಕೈ ಮುಟ್ಟಿದ್ದು ಒಂದೇ ಸಲ, ಬಸ್ಸು ಬ್ರೇಕ್ ಹಾಕಿದಾಗ. ಅದೂ ಡ್ರೈವರ್ ತಪ್ಪು" ಎಂದು ಬಡಗಿ ಬಾಗಿಲ ಬಳಿಯಿಂದಲೇ ಕೂಗುತ್ತಾರೆ.

"ನೀವು ಸುಮ್ನಿರ್ರಿ, ಇವರು ಬರ್ಕೊಂಡುಬಿಡ್ತಾರೆ."

"ಬರ್ಕೊಳ್ಳಲಿ ಬಿಡೇ. ಡ್ರೈವರ್ ಓದಿದ್ರೆ ಓದಲಿ."

ಕಾದದ್ದಕ್ಕೆ ಗೌನಕ್ಕನಿಗೆ ವಿಷಾದವಿಲ್ಲ. "ಆಸೆ ಇರಲಿಲ್ಲ ಅಂತಲ್ಲ. ಇತ್ತು, ಬೇಕಾದಷ್ಟಿತ್ತು. ತಡ್ಕೊಂಡ್ವಿ. ತಡ್ಕೊಂಡಿದ್ದಕ್ಕೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂತು. ಅದು ಒಳ್ಳೇದೇ." ಸೂಜಿಗೆ ಹೊಸ ದಾರ ಪೋಣಿಸುತ್ತಾರೆ. "ಕೆಟ್ಟದ್ದಾಗಿದ್ದು ಎಲ್ಲಿ ಅಂದ್ರೆ, ಆ ತಡ್ಕೊಂಡಿದ್ದನ್ನ ನಾನು ಒಳಗೊಳಗೇ ಪದಕ ಮಾಡ್ಕೊಂಡು ಎದೆಗೆ ಹಾಕ್ಕೊಂಡಿದ್ದೆ."

ಆ ದಿನಗಳಲ್ಲಿ ಚರ್ಚಿನಲ್ಲಿ ಒಂದು ಕಟ್ಟಳೆ ಇತ್ತು. ತನ್ನನ್ನು ಕಾಪಾಡಿಕೊಂಡ ವಧುವಿಗೆ ಬಿಳಿ ಗೌನು, ಮುಖಪರದೆ, ಶನಿವಾರ ಚರ್ಚಿನ ಗಂಟೆ ಬಾರಿಸಿ ಮದುವೆ. ಇಲ್ಲದವಳಿಗೆ ಬೂದು ಬಣ್ಣದ ಗೌನು, ವಾರದ ನಡುವೆ, ಚರ್ಚಿನ ಪಕ್ಕದ ಕೋಣೆಯಲ್ಲಿ ಮದುವೆ. ಮದುವೆಗೆ ಒಂದು ವಾರ ಇರುವಾಗ ಸಭೆಯ ಹಿರಿಯರು ದರ್ಜಿಯ ಮನೆಗೆ ಬಂದು, "ಬಿಳಿ ತಾನೇ?" ಎಂದು ಕೇಳುತ್ತಿದ್ದರು. "ಬಿಳಿ" ಎನ್ನುವುದು ದರ್ಜಿಯ ಉತ್ತರ. ವರ್ಷಗಟ್ಟಲೆ ಅದು ಬರೀ ಬಾಯಿಮಾತಿನ ಶಾಸ್ತ್ರವಾಗಿತ್ತು.

ಇಪ್ಪತ್ತಮೂರು ವರ್ಷಗಳ ಹಿಂದೆ ಒಬ್ಬ ಹುಡುಗಿ ಅಳತೆಗೆ ಬಂದಳು. ಚರ್ಚಿನ ಗಾಯನವೃಂದದಲ್ಲಿ ಹಾಡುವವಳು, ಜೋರಾಗಿ ನಗುವವಳು. ಪುಸ್ತಕದಲ್ಲಿ ಸೊಂಟ ಇಪ್ಪತ್ತಾರು ಎಂದು ಬರೆದಾಯಿತು. ಐದು ವಾರ ಬಿಟ್ಟು ಗೌನು ಹಾಕಿ ನೋಡಲು ಬಂದಾಗ ಹುಕ್ಕು ಕೂಡಲಿಲ್ಲ. ಟೇಪು ಇಪ್ಪತ್ತೆಂಟೂವರೆ ಎಂದಿತು. ಹುಡುಗಿ ಗೌನಕ್ಕನ ಮುಖ ನೋಡಿದಳು. ಗೌನಕ್ಕ ಪುಸ್ತಕದಲ್ಲಿ ಅಂಕಿ ಬರೆದುಕೊಂಡರು.

ಆ ವಾರ ಹಿರಿಯರು ಬಂದು ಎಂದಿನಂತೆ ಕೇಳಿದರು. ಗೌನಕ್ಕ ಎಂದಿನ ಉತ್ತರ ಕೊಡಲಿಲ್ಲ. ಪುಸ್ತಕ ತೆರೆದು ಅವರ ಮುಂದಿಟ್ಟರು.

"ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. 'ಬಿಳಿ' ಅಂದಿದ್ರೆ ಎದ್ದು ಹೋಗ್ತಿದ್ರು. ನಾನು ಸತ್ಯ ಹೇಳ್ತಿದೀನಿ ಅಂದ್ಕೊಂಡೆ. ಅಲ್ಲ, ಅದು ಹೊಟ್ಟೆಕಿಚ್ಚು. ನಾವು ಆರು ವರ್ಷ ಕಾದ್ವಿ, ಇವಳಿಗೆ ಆರು ತಿಂಗಳು ಕಾಯಕ್ಕಾಗಲಿಲ್ವಾ ಅಂತ ಹೊಟ್ಟೆ ಉರೀತು. ಮೈಗೆ ಹಾಕಿದ್ದ ಹತೋಟಿ ನಾಲಿಗೆಗೆ ಹಾಕಲಿಲ್ಲ ನಾನು."

ಹುಡುಗಿಯನ್ನು ಪಕ್ಕದ ಕೋಣೆಗೆ ಕರೆಸಿ ಹಿರಿಯರ ಮುಂದೆ ನಿಲ್ಲಿಸಿದರು. ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟಿತ್ತು. ವರನನ್ನು ಕರೆಸಲಿಲ್ಲ, ಕೇಳಲೂ ಇಲ್ಲ. ಅವನ ಕೋಟಿನ ಅಳತೆ ಬದಲಾಗಿರಲಿಲ್ಲ. ಮದುವೆ ಮಂಗಳವಾರಕ್ಕೆ ಬಂತು. ನಾಲ್ಕು ದಿನದಲ್ಲಿ ಬೂದು ಗೌನು ಹೊಲಿದುಕೊಟ್ಟದ್ದು ಗೌನಕ್ಕನೇ. ಮುಗಿಯುತ್ತ ಬಂದಿದ್ದ ಬಿಳಿ ಗೌನು ವ್ಯರ್ಥವಾಗಬಾರದೆಂದು ಹಿರಿಯರು ಹೇಳಿದಾಗ, ಅದನ್ನು ಕತ್ತರಿಸಿ ಗಾಯನವೃಂದಕ್ಕೆ ಕಾಲರು ಹೊಲಿದದ್ದೂ ಅವರೇ.

"ಹದಿನಾಲ್ಕು ಕಾಲರ್ ಆಯ್ತು. ಅವಳ ಜೊತೆ ಹಾಡ್ತಿದ್ದೋರೇ ಹಾಕ್ಕೊಂಡ್ರು. ಅವಳು ಮಾತ್ರ ಇರಲಿಲ್ಲ."

ಆ ಮಂಗಳವಾರದ ನಂತರ ಆಕೆ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಊರು ಬಿಟ್ಟೂ ಹೋಗಿಲ್ಲ. ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಂಗಳವಾರ ಕಳೆದ ಸಂಜೆಯೇ ಗೌನಕ್ಕ ಪುಸ್ತಕವನ್ನು ಒಲೆಗೆ ಹಾಕಿದರು, ಟೇಪನ್ನು ತುಂಡು ಮಾಡಿದರು. ಆದರೆ ಕ್ಷಮೆ ಕೇಳಲು ಹೊರಡುವ ಧೈರ್ಯ ಬರಲು ಹತ್ತು ವರ್ಷ ಹಿಡಿಯಿತು. ಒಂದು ಬೆಳಿಗ್ಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತರು. ಸರದಿ ಬಂತು. "ಏನು ಬೇಕಿತ್ತು?" ಎಂದು ಆಕೆ ಕೇಳಿದಳು, ಎಲ್ಲರನ್ನೂ ಕೇಳುವ ಧ್ವನಿಯಲ್ಲೇ. ಗೌನಕ್ಕನ ಬಾಯಿಂದ ಬಂದದ್ದು, "ಕೆಮ್ಮಿನ ಔಷಧಿ."

ಹೀಗೇ ಮೂರು ಸಲ. ಮೂರೂ ಬಾಟಲಿ ಮುಚ್ಚಳ ತೆಗೆಯದೆ ಕಪಾಟಿನಲ್ಲಿವೆ. "ಕೆಮ್ಮೇ ಇಲ್ಲದ ಮನೇಲಿ ಇಷ್ಟು ಔಷಧಿ" ಎಂದು ಬಡಗಿ ಛೇಡಿಸುತ್ತಾರೆ. ಈ ಮಾತಿಗೆ ಹೆಂಡತಿ ನಗುವುದಿಲ್ಲವೆಂದು ಅವರಿಗೂ ಗೊತ್ತು.

ಹೊಸ ಪಾಸ್ಟರ್ ಬಂದ ಮೇಲೆ ಬೂದು ಗೌನಿನ ಕಟ್ಟಳೆ ನಿಂತಿದೆ, ಹನ್ನೊಂದು ವರ್ಷವಾಯಿತು. ಮದುವೆಗೆ ಮುಂಚಿನ ತರಗತಿಯಲ್ಲಿ ಜೋಡಿಗಳ ಜೊತೆ ಮಾತನಾಡಲು ಅವರು ಗೌನಕ್ಕನನ್ನೇ ಕರೆಯುತ್ತಾರೆ. ಮೊದಲ ಸಲ ಗೌನಕ್ಕ ಒಲ್ಲೆನೆಂದರು. "ನಿಮ್ಮ ಆರು ವರ್ಷದ ಕತೆ ಹೇಳಿ" ಎಂದರಂತೆ ಪಾಸ್ಟರ್. "ಅದನ್ನ ಹೇಳೋದಾದ್ರೆ ಇನ್ನೊಂದನ್ನೂ ಹೇಳ್ತೀನಿ" ಎಂದರಂತೆ ಇವರು. ಈಗ ಎರಡನ್ನೂ ಹೇಳುತ್ತಾರೆ.

ಶುದ್ಧವಾಗಿ ಬಾಳಬೇಕೆಂಬ ಮಾತನ್ನು ಅವರು ಬಿಟ್ಟುಕೊಟ್ಟಿಲ್ಲ. ಕಾಯಿರಿ, ಕಾಯುವುದರಲ್ಲಿ ಪ್ರೀತಿ ಇದೆ ಎಂದೇ ಹೇಳುತ್ತಾರೆ, ಹುಡುಗರ ಕಡೆಗೂ ಅಷ್ಟೇ ನೇರವಾಗಿ ನೋಡಿ. "ಆದ್ರೆ ನಮಗೆ ಕಲಿಸಿದ್ರಲ್ಲ, ಶುದ್ಧತೆ ಬಿಳಿ ಬಟ್ಟೆ ಥರ, ಒಂದು ಕಲೆ ಬಿದ್ರೆ ಮುಗೀತು ಅಂತ, ಅದನ್ನ ಹೇಳಿದೋರು ಯಾರೂ ಬಿಳಿ ಬಟ್ಟೆ ಹೊಲಿದೋರಲ್ಲ" ಎಂದಾಗ ತರಗತಿಯಲ್ಲಿ ನಗು ಏಳುತ್ತದೆ. ಆಮೇಲೆ ಹೇಳುವ ಮಾತಿಗೆ ಯಾರೂ ನಗುವುದಿಲ್ಲ. "ತಪ್ಪು ಮಾಡಿದಳು ಅಂತ ಒಬ್ಬ ಹೆಂಗಸನ್ನ ಯೇಸುಸ್ವಾಮಿ ಮುಂದೆ ಎಳ್ಕೊಂಡು ಬಂದಾಗ, ಅವರು ಬಗ್ಗಿ ಬೆರಳಲ್ಲಿ ನೆಲದ ಮೇಲೆ ಏನೋ ಬರೆದ್ರು. ನೆಲದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತೆ. ನಾನು ಪುಸ್ತಕದಲ್ಲಿ ಬರೆದೆ."

ಮೂರು ತಿಂಗಳ ಹಿಂದೆ ಒಬ್ಬ ಹುಡುಗಿ ಬಾಗಿಲು ತಟ್ಟಿದಳು. ಬರುವ ತಿಂಗಳು ಅವಳಿಗೆ ಇಪ್ಪತ್ತಮೂರು ತುಂಬುತ್ತದೆ. ಅಜ್ಜಿಯ ಕೈಹಿಡಿದು ಚರ್ಚಿಗೆ ಬರುತ್ತ ಬೆಳೆದವಳು, ತಾಯಿಯಂತೆಯೇ ಜೋರು ನಗು.

"ಆಂಟಿ, ನಿಮ್ಮ ಪುಸ್ತಕದಲ್ಲಿ ಹೆಚ್ಚಾಗಿತ್ತಂತಲ್ಲ ಎರಡೂವರೆ ಇಂಚು, ಅದು ನಾನೇ" ಎಂದಳು.

ಗೌನಕ್ಕ ಕುರ್ಚಿಯ ಮೇಲಿನ ಬಟ್ಟೆಯ ರಾಶಿ ತೆಗೆದು ಅವಳನ್ನು ಕೂರಿಸಿದರು. ಹುಡುಗಿ ಒಂದು ಚೀಟಿ ಕೊಟ್ಟಳು. "ಗೌನು ಅವರ ಹತ್ರಾನೇ ಹೊಲಿಸು, ಅವರಷ್ಟು ಚೆನ್ನಾಗಿ ಯಾರೂ ಹೊಲಿಯಲ್ಲ ಅಂದ್ರು ಅಮ್ಮ. ಆದ್ರೆ ಅಳತೆ ಅವರು ತಗೊಳ್ಳೋದು ಬೇಡ, ನಾನೇ ತಗೊಂಡು ಬರೆದುಕೊಡ್ತೀನಿ ಅಂದ್ರು."

ಚೀಟಿಯಲ್ಲಿ ಔಷಧಿ ಅಂಗಡಿಯ ಅಚ್ಚುಕಟ್ಟಾದ ಅಕ್ಷರ. ಭುಜ, ಎದೆ, ತೋಳು, ಉದ್ದ. ಸೊಂಟ ಎಂದು ಬರೆದು, ಅದರ ಮುಂದೆ ಜಾಗ ಖಾಲಿ ಬಿಟ್ಟಿತ್ತು.

"ಅದು ಮರೆತದ್ದಲ್ಲ" ಎನ್ನುತ್ತಾರೆ ಗೌನಕ್ಕ. ಕೇಳಿ ಕಳಿಸಬಹುದಿತ್ತು. ಕೇಳಲಿಲ್ಲ. ಕಣ್ಣಳತೆಯೂ ಬೇಡವೆಂದು ಹುಡುಗಿ ಬಂದಾಗಲೆಲ್ಲ ತಲೆ ತಗ್ಗಿಸಿಯೇ ಕೂತಿದ್ದಾರೆ. ಬೆನ್ನಿಗೆ ಹುಕ್ಕು ಇಡದೆ, ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಎರಡೂ ಬದಿಗೆ ಇಪ್ಪತ್ತೆರಡು ಬಟ್ಟೆಯ ಕುಣಿಕೆ ಹೊಲಿದು, ಅದರಲ್ಲಿ ರಿಬ್ಬನ್ ಪೋಣಿಸಿದ್ದಾರೆ. ಸೊಂಟ ಎಷ್ಟೇ ಇರಲಿ, ಹಿಂದಿನಿಂದ ಎಳೆದು ಕಟ್ಟಿದರೆ ಮೈಗೆ ಕೂರುತ್ತದೆ. ನಲವತ್ತು ವರ್ಷದ ಕಸುಬಿನಲ್ಲಿ ಇಂಥದ್ದು ಇದೇ ಮೊದಲು. ಇವತ್ತು ಬೆಳಿಗ್ಗೆ ಸೂಜಿ ಚುಚ್ಚಿದ್ದು ಇದರ ಘೇರು ಹೊಲಿಯುವಾಗಲೇ.

ಎಂಟು ಗಂಟೆಗೆ ಹುಡುಗಿ ಬರುತ್ತಾಳೆ, ಹಾಕಿ ನೋಡಲು. ಗೌನಕ್ಕ ಗೌನನ್ನು ಅವಳ ತೋಳ ಮೇಲೆ ಹಾಕಿ, ಕೋಣೆಯ ಹೊರಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ.

"ಆಂಟಿ, ಹಿಂದೆ ಕೈ ಎಟುಕ್ತಿಲ್ಲ, ಬಂದು ಕಟ್ಟಿ."

"ಈಗ ಭುಜ ಕೂತಿದೆಯಾ ನೋಡ್ಕೋ ಸಾಕು. ಕಟ್ಟೋದು ಆವತ್ತು ನಿಮ್ಮಮ್ಮ ಕಟ್ಟಲಿ, ಮಗಳೇ."

ಬೀದಿಯ ಧೂಳು ತಾಗಬಾರದೆಂದು ಇಲ್ಲಿ ವಧುಗಳು ಗೌನು ತೊಡುವುದು ಚರ್ಚಿನ ಪಕ್ಕದ ಕೋಣೆಯಲ್ಲೇ. ಹಿಂದೊಮ್ಮೆ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟಿದ್ದ ಕೋಣೆ ಅದು.

"ಅಮ್ಮ ಅಲ್ಲಿಗೆ ಬರ್ತೀನಿ ಅಂತಾನೂ ಅಂದಿಲ್ಲ, ಬರಲ್ಲ ಅಂತಾನೂ ಅಂದಿಲ್ಲ ಆಂಟಿ."

"ಒತ್ತಾಯ ಮಾಡಬೇಡ. ಬರದಿದ್ರೆ ನಿನ್ನ ಗೆಳತಿ ಯಾರಾದ್ರೂ ಕಟ್ತಾರೆ. ನಾನು ಮಾತ್ರ ಕಟ್ಟಲ್ಲ."

ಮದುವೆ ಬರುವ ಶನಿವಾರ. ಗೌನಕ್ಕ ಎಂದಿನಂತೆ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಕ್ಷಮೆ ಸಿಗುತ್ತದೆ ಎಂಬ ಆಸೆ ತನಗಿಲ್ಲ, ಕೇಳಬೇಕಾದ ದಿನ ಕೆಮ್ಮಿನ ಔಷಧಿ ಕೇಳಿದವಳು ತಾನು ಎನ್ನುತ್ತಾರೆ. ಹುಡುಗಿಯ ತಾಯಿ ಆ ಕೋಣೆಯೊಳಗೆ ಒಮ್ಮೆ ತಲೆಯೆತ್ತಿ ಬಂದು, ಮಗಳ ಬೆನ್ನ ಹಿಂದೆ ನಿಂತರೆ ಸಾಕು.

"ಹುಡುಗಿ ನಮ್ಮನ್ನ ದಾಟಿ ಮುಂದೆ ನಡೆಯುವಾಗ ಬೆನ್ನು ಕಾಣುತ್ತಲ್ಲ, ಗಂಟು ನೋಡಿದ್ರೆ ನನಗೆ ಗೊತ್ತಾಗಿಬಿಡುತ್ತೆ, ಕಟ್ಟಿದ್ದು ತಾಯಿ ಕೈಯೋ ಗೆಳತಿ ಕೈಯೋ ಅಂತ." ಗೌನಕ್ಕ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ದಿಂಬಿಗೆ ಚುಚ್ಚುತ್ತಾರೆ. "ಆದ್ರೆ ಈ ಸಲ ಕಂಡದ್ದನ್ನ ಯಾರಿಗೂ ಹೇಳಲ್ಲ. ನಿಮಗೂ ಹೇಳಲ್ಲ."