ಒಂಬತ್ತನೇ ತಿರುವಿನ ಕನ್ನಡಿ

ಕನ್ನಡಿಯಣ್ಣನಿಗೆ ಏಣಿ ಇಲ್ಲ. ಹದಿಮೂರು ವರ್ಷದಿಂದ ಕೇಳುತ್ತಿದ್ದಾರೆ, ಲೋಕೋಪಯೋಗಿ ಇಲಾಖೆ ಕೊಟ್ಟಿಲ್ಲ. ಬೆಳಗಿನ ಐದೂವರೆಗೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ತುದಿಗಾಲಲ್ಲಿ ನಿಂತು, ಬೆಟ್ಟದ ರಸ್ತೆಯ ಮೂರನೇ ತಿರುವಿನ ಉಬ್ಬುಗನ್ನಡಿಯನ್ನು ಒರೆಸುತ್ತಿದ್ದಾರೆ. ಒರೆಸಿದಷ್ಟೂ ಮಂಜು ಮತ್ತೆ ಕೂರುತ್ತದೆ.

ಈ ರಸ್ತೆಗೆ ಹದಿನೇಳು ತಿರುವು, ಹದಿನೇಳು ಕಂಬ. ಎದುರಿನಿಂದ ಬರುವ ವಾಹನ ಬಂಡೆಯ ಮರೆಯಲ್ಲಿರುತ್ತದೆ. ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ. ಏಳೂವರೆಗೆ ಮೊದಲ ಬಸ್ಸು ಇಳಿಯುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಆ ಬಸ್ಸಿನಲ್ಲಿ ಅವರ ಮಗಳು ಇರುತ್ತಾಳೆ, ಕೆಳಗಿನ ಊರಿನ ಆಸ್ಪತ್ರೆಯಲ್ಲಿ ನರ್ಸ್.

ಒರೆಸುವುದು ಸುಲಭ, ಕೂರಿಸುವುದು ಕಷ್ಟ. ಕನ್ನಡಿ ಎರಡು ಬೆರಳಷ್ಟು ತಿರುಗಿದರೂ ರಸ್ತೆ ತಪ್ಪಿ ಆಕಾಶ ಕಾಣುತ್ತದೆ. ಆಗ ಹೆಂಡತಿ ಕೆಂಪು ಕೊಡೆ ಹಿಡಿದು ಬಂಡೆಯ ಆಚೆ ನಡೆಯಬೇಕು. ಕೊಡೆ ಕನ್ನಡಿಯ ನಡುವೆ ಬರುವವರೆಗೆ ಇವರು ತಿರುಗಿಸಬೇಕು. ಸಂಬಳ ಒಬ್ಬರಿಗೆ, ಕೆಲಸ ಇಬ್ಬರಿಗೆ.

“ಕಾಣ್ತಿದ್ದೀನಾ?”

“ಎಲ್ಲೇ ಇದ್ದೀಯ? ಇನ್ನೂ ನಾಲ್ಕು ಹೆಜ್ಜೆ ಹೋಗು.”

“ಹಿಂಗೇ ಹೋಗ್ತಾ ಹೋಗ್ತಾ ತವರುಮನೆ ಸೇರ್ಕೋತೀನಿ ನೋಡಿ.”

ಸರಿಯಾದ ಮೇಲೆ ಕಂಬಕ್ಕೂ ಕನ್ನಡಿಯ ಹಿಡಿಗೂ ಸೇರುವಂತೆ ಮಗಳ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆ ಕೂಡಿದ್ದರೆ ಕನ್ನಡಿ ಸರಿ. ಕಳೆದ ವರ್ಷ ಇಲಾಖೆಯವರು ಹೇಳದೆ ಕೇಳದೆ ಕಂಬಗಳಿಗೆಲ್ಲ ಬಣ್ಣ ಬಳಿದರು. ಗಂಡ ಹೆಂಡಿರ ಅಷ್ಟೂ ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇಲ್ಲಿನ ನೋಟ ಚೆಂದ, ಅಲ್ಲಗಳೆಯುವಂತಿಲ್ಲ. ಕಡಿದಾದ ಬಂಡೆ, ಕಾಲ ಕೆಳಗೆ ಮೋಡ, ದೂರದಲ್ಲಿ ದಾರದೆಳೆಯಂಥ ನದಿ. ಮೊದಲ ಸಲ ಬಂದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಅಷ್ಟಕ್ಕೇ ನಿಂತರೆ ತೊಂದರೆ ಇರಲಿಲ್ಲ. ಪ್ರವಾಸೋದ್ಯಮ ಕಚೇರಿ ಒಂಬತ್ತನೇ ತಿರುವಿನ ಕನ್ನಡಿಯ ಚಿತ್ರವನ್ನೇ ದೊಡ್ಡ ಫಲಕ ಮಾಡಿ ಬೆಟ್ಟದ ಬುಡದಲ್ಲಿ ನಿಲ್ಲಿಸಿದೆ: ಕನ್ನಡಿಯೊಳಗೆ ಕಣಿವೆ, ಕಣಿವೆಯ ಮುಂದೆ ನಗುವ ಜೋಡಿ. ರಸ್ತೆ ತೋರಿಸಬೇಕಾದ ಕನ್ನಡಿಯಲ್ಲಿ ಕಣಿವೆ ಕಂಡಿದೆ ಎಂದರೆ ಯಾರೋ ಅದನ್ನು ತಿರುಗಿಸಿದ್ದಾರೆ ಎಂಬುದು ಕಚೇರಿಯಲ್ಲಿ ಒಬ್ಬರಿಗೂ ಹೊಳೆದಿಲ್ಲ.

“ಹೇಳೋಕೆ ಹೋದ್ರೆ, ‘ನಿಮ್ಮ ಕನ್ನಡಿ ಫೇಮಸ್ ಆಯ್ತಲ್ಲ, ಖುಷಿಪಡಿ’ ಅಂದ್ರು. ಇವರ ಮನೆ ಕನ್ನಡಿ ತಿರುಗಿಸಿಟ್ರೆ ಗೊತ್ತಾಗ್ತಿತ್ತು” ಎನ್ನುತ್ತಾರೆ ಕನ್ನಡಿಯಣ್ಣ.

ಫಲಕ ನೋಡಿ ಬಂದವರು ಅದೇ ಫೋಟೋ ಬೇಕೆಂದು ಕನ್ನಡಿ ತಿರುಗಿಸುತ್ತಾರೆ. ಅದಕ್ಕೇ ಎಲ್ಲ ಮುಗಿದ ಮೇಲೆ ಒಂಬತ್ತನೆಯದಕ್ಕೆ ಮತ್ತೊಮ್ಮೆ ಬರುತ್ತಾರೆ. ಇವತ್ತು ಏಳೂಕಾಲಿಗೆ ಬಂದರೆ, ಕಾರಿನ ಬಾನೆಟ್ ಹತ್ತಿ ಯುವಕನೊಬ್ಬ ಕನ್ನಡಿ ತಿರುಗಿಸಿಕೊಂಡು ನಿಂತಿದ್ದಾನೆ.

“ಇಳಿಯಪ್ಪ. ಬಸ್ ಬರೋ ಹೊತ್ತು.”

“ಎರಡೇ ನಿಮಿಷ ಅಂಕಲ್. ಆಮೇಲೆ ನಾನೇ ಸರಿ ಮಾಡ್ತೀನಿ.”

“ನೀನೇನೂ ಮಾಡ್ಬೇಡ. ಇಳಿ, ಸಾಕು.”

ಅವನು ಸರಿ ಮಾಡಿಯೇ ಇಳಿಯಲು ಹೋಗಿ ಬಲವಾಗಿ ತಿರುಚುತ್ತಾನೆ. ತುಕ್ಕು ಹಿಡಿದ ಹಿಡಿ ಮುರಿಯುತ್ತದೆ. ಕನ್ನಡಿ ಕಣಿವೆಗೆ ಬೀಳುತ್ತದೆ. ಸದ್ದು ತಡವಾಗಿ ಕೇಳುತ್ತದೆ. “ಸಾರಿ ಅಂಕಲ್” ಎಂದವನು ಕಾರು ಹತ್ತಿ ಹೊರಟೇ ಹೋಗುತ್ತಾನೆ.

ಕೆಳಗಿನಿಂದ ಹಾಲಿನ ವ್ಯಾನ್ ಏರುವ ಸದ್ದು, ಮೇಲಿನಿಂದ ಬಸ್ಸಿನ ಹಾರ್ನ್. ಹೆಂಡತಿ ಕೆಂಪು ಕೊಡೆ ಬಿಚ್ಚಿ ಕೆಳಗೆ ಓಡುತ್ತಾರೆ. ಇವರು ರಸ್ತೆಯ ನಡುವೆ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಸ್ಸು ನಿಲ್ಲುತ್ತದೆ, ವ್ಯಾನ್ ದಾಟುತ್ತದೆ.

ಕಿಟಕಿಯಿಂದ ಮಗಳು ಕೇಳುತ್ತಾಳೆ: “ಅಪ್ಪಾ, ಇದೂ ಹೋಯ್ತಾ?”

“ಹೋಯ್ತು. ನೀನು ತಲೆ ಒಳಗಿಟ್ಕೋ.”

ನಿಮಗೇನು ಬೇಕು ಎಂದರೆ ಅವರು ಏಣಿ ಎನ್ನುವುದಿಲ್ಲ. “ಆ ಫಲಕ ತೆಗೆಸಿ, ಸಾಕು. ಹದಿಮೂರು ವರ್ಷದಲ್ಲಿ ಈ ರಸ್ತೇಲಿ ಒಂದು ಗಾಡಿ ಇನ್ನೊಂದಕ್ಕೆ ಮುತ್ತಿಟ್ಟಿಲ್ಲ.”

ಫಲಕ ನಿಂತು ಎಂಟು ತಿಂಗಳು. ಒಡೆದ ಕನ್ನಡಿ ಎರಡು, ಕಳುವಾದದ್ದು ಒಂದು, ಕಣಿವೆಗೆ ಬಿದ್ದದ್ದು ಇವತ್ತಿನದೂ ಸೇರಿ ಮೂರು.