ಇಬತ್ತಿ ಹಚ್ಚಿದ ಕ್ಯಾಸೆಟ್

ಮಾನ್ವಿಯಲ್ಲಿ ವಿಸಿಆರ್ ರಿಪೇರಿ ಮಾಡುವವರು ಇನ್ನೂ ಇದ್ದಾರೆ ಎಂದರೆ ಜನ ನಗುತ್ತಾರೆ. ನಗಲಿ. ಇದೇ ಜನ ಒಂದು ಕಾಲಕ್ಕೆ ಪೀರಾ ಸಾಬರು ಸಿಗಲಿಲ್ಲವೆಂದು ಮದುವೆಯ ದಿನವನ್ನೇ ಮುಂದೆ ಹಾಕಿದ್ದರು. ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಹೊತ್ತು ಸಿರವಾರ, ದೇವದುರ್ಗ ಎಲ್ಲ ಸುತ್ತಿದ ಮನುಷ್ಯ. ಅಡ್ಡ ಬಂದ ಮಕ್ಕಳನ್ನು ಗದರಿ ಓಡಿಸುವುದರಲ್ಲೂ ಅಷ್ಟೇ ಹೆಸರುವಾಸಿ.

ಈಗ ಅವರ ಅಂಗಡಿಯಲ್ಲಿ ನಡೆಯುವ ವಿಸಿಆರ್ ಒಂದೇ. ಅದರೊಳಗಿನ ಟೇಪು ಓದುವ ಹೆಡ್ಡು ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ನೆನಪು ಶಾಶ್ವತ ಎಂದು ಮನೆಮನೆಗೆ ಮಾರಿದ ಕಂಪನಿಗಳು ಕೈ ತೊಳೆದುಕೊಂಡು ಎಷ್ಟೋ ವರ್ಷವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಹೋದ ಶ್ರಾವಣದಲ್ಲಿ ಗೂಗಲ್ ಎಂಬ ಹಳ್ಳಿಯಿಂದ ಗುರುಶಾಂತಮ್ಮ ಬಂದರು. ಪಕ್ಕದ ಹೊಲಿಗೆ ಅಂಗಡಿಯವನಾದ ನಾನೂ ಅಲ್ಲೇ ಕೂತಿದ್ದೆ. ಸೆರಗಿನಲ್ಲಿ ಸುತ್ತಿ ತಂದಿದ್ದು ಅವರ ತಂಗಿಯ ಮದುವೆಯ ಕ್ಯಾಸೆಟ್. ಅದರಲ್ಲಿ ಗುರುಶಾಂತಮ್ಮನ ಐದು ವರ್ಷದ ಮಗಳು ಶಿವಗಂಗಾ ಇದ್ದಾಳೆ. ಮರುವರ್ಷವೇ ಜ್ವರ ಬಂದು ತೀರಿಕೊಂಡ ಹುಡುಗಿ, ಬೇರೆ ಫೋಟೋ ಒಂದೂ ಇಲ್ಲ. ರಾಯಚೂರಿನ ಸ್ಟುಡಿಯೋದವನೊಬ್ಬ ಕ್ಯಾಸೆಟ್ಟನ್ನು ಎರಡೇ ಬೆರಳಲ್ಲಿ ಹಿಡಿದು, "ಕಸದಾಗ ಒಗೀರಿ" ಎಂದನಂತೆ. ನನಗೆ ಮೈಯೆಲ್ಲ ಉರಿಯಿತು. ಆಕೆಯ ಮಗಳನ್ನು ಕಸಕ್ಕೆ ಒಗೆ ಎನ್ನಲು ಅವನ್ಯಾರು?

ಪೀರಾ ಸಾಬರು ಅವನಿಗೆ ಬೈಯುತ್ತಲೇ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದರು. ಒಳಗೆಲ್ಲ ವಿಭೂತಿಯ ಬೂದಿ.

"ಯಾರಬೇ ಇದಕ್ಕ ಇಬತ್ತಿ ಹಚ್ಚಿದಾಕಿ?" ಎಂದು ಗುಡುಗಿದರು. "ಟೇಪಿಗೆ ಇಬತ್ತಿ ಹಚ್ತಾರೇನು?"

"ನಾನs ರೀ. ಸೋಮವಾರಕ್ಕೊಮ್ಮೆ ಜಗಲಿ ಮ್ಯಾಲಿಟ್ಟು ಹಚ್ತೀನಿ. ಫೋಟೋ ಇದ್ದಿದ್ರ ಫೋಟೋಕ್ಕ ಹಚ್ತಿದ್ದೆ. ನನ್ನ ಮಗಳು ಇದರಾಗ ಅದಾಳಲ್ರಿ."

ಪೀರಾ ಸಾಬರು ಕ್ಯಾಸೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಮೂರು ದಿನ ಬಿಟ್ಟು ಬಾ ಯವ್ವಾ" ಎಂದರು.

ಅವರ ಹೆಂಡತಿ ಬಡೇಬೀ ನನಗೂ ತಿಳಿಯಲೆಂದು ಕನ್ನಡದಲ್ಲೇ ಜಗಳ ತೆಗೆದರು. "ಬೂದಿ ಹೆಡ್ಡಿಗೆ ಹತ್ತಿದ್ರ ಮಷೀನ್ ಸಾಯ್ತದ. ಅಂಗಡಿ ಬಾಗಿಲಾ ಹಾಕೋದs ಆಮ್ಯಾಲ."

"ಹಾಕ್ತೀನಿ. ಒಗಿ ಅನ್ನೋ ಮಾತು ನನ್ನ ಬಾಯಾಗ ಬರಂಗಿಲ್ಲ."

ಮೂರು ದಿನ ಹತ್ತಿ, ಸ್ಪಿರಿಟ್ ಹಿಡಿದು ಮಾರುಮಾರು ಟೇಪು ಒರೆಸಿದರು. ನಾಲ್ಕನೇ ದಿನ ಗುರುಶಾಂತಮ್ಮ ಬಂದ ಮೇಲೆ ಕ್ಯಾಸೆಟ್ ಹಾಕಿದರು. ಗುರುಶಾಂತಮ್ಮನ ಮೊಬೈಲ್ ಹಿಡಿದು ನಾನು ಟಿವಿಯನ್ನೇ ಚಿತ್ರೀಕರಿಸುತ್ತಾ ನಿಂತೆ. ಪರದೆ ತುಂಬ ಗೆರೆಗಳು. ಊಟದ ಪಂಕ್ತಿ ಬಂತು. ಅಷ್ಟರಲ್ಲಿ ಹಸಿರು ಲಂಗದ ಹುಡುಗಿಯೊಬ್ಬಳು ಕೈಯಲ್ಲಿ ಹೋಳಿಗೆ ಹಿಡಿದು ಎದುರಿಗೇ ಓಡಿಬಂದಳು.

"ಏ ಹುಡುಗಿ, ಸರಿ ಆಕಡಿ!" ಎಂದು ಟಿವಿಯೊಳಗಿಂದ ಒಬ್ಬ ಗದರಿದ. ಹರೆಯದ ದನಿ, ಆದರೂ ಗುರುತು ಸಿಕ್ಕಿತು. ಪೀರಾ ಸಾಬರದೇ.

ಹುಡುಗಿ ನಾಲಗೆ ಚಾಚಿ ಅಣಕಿಸಿ ಇನ್ನೂ ಹತ್ತಿರ ಬಂದಳು. ಕಿರ್ರೆಂದು ಸದ್ದಾಗಿ ವಿಸಿಆರ್ ನಿಂತಿತು. ಮತ್ತೆ ನಡೆಯಲಿಲ್ಲ. ಮೊಬೈಲಿನಲ್ಲಿ ಉಳಿದದ್ದು ಹನ್ನೊಂದು ಸೆಕೆಂಡು.

ಪೀರಾ ಸಾಬರು ಹಣೆ ಹಣೆ ಬಡಿದುಕೊಂಡರು. "ಸ್ಟುಡಿಯೋದವ್ನಿಗೆ ಬೈದೆ. ಈ ಕೂಸಿಗೆ ಆಕಡಿ ಸರಿ ಅಂದಾಂವ ನಾನs ಅಲ್ಲೇನು!"

"ನೀವು ಸರಿ ಅಂದ್ರೇನಾತ್ರಿ?" ಗುರುಶಾಂತಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಆಕಿ ಸರಿದಳೇನು?"

ಆಮೇಲೆ ಸೊಂಟದ ಚೀಲದಿಂದ ವಿಭೂತಿ ತೆಗೆದು, ನಿಂತುಹೋದ ವಿಸಿಆರ್ ಮೇಲೆ ಮೂರು ಬೆರಳಿಂದ ಗೆರೆ ಎಳೆದರು. ಪೀರಾ ಸಾಬರು ಬ್ಯಾಡ ಎನ್ನಲಿಲ್ಲ.