ಎಡಗಡೆ ಸತ್ತ ಇಯರ್‌ಫೋನ್

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು, ಅದೂ ಅರ್ಧ. ನಾನು ಶಾಲೆಯಲ್ಲಿ ಇರಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರಿಗೂ ನನಗೂ ಒಮ್ಮತವಿತ್ತು. ಆಮೇಲಿನ ಮೂವತ್ತಾರು ವರ್ಷ ನನಗೆ ಅನ್ನ ಹಾಕಿದ್ದು ತಲೆಯಲ್ಲ, ಅದರ ಎರಡು ಪಕ್ಕದಲ್ಲಿರುವ ಕಿವಿಗಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಉಂಡೆ ಕೊಬ್ಬರಿ ವ್ಯಾಪಾರಿ. ನಮ್ಮ ಚನ್ನರಾಯಪಟ್ಟಣದ ಸುತ್ತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟುಕೊಂಡರೆ, ಅಲ್ಲಾಡಿಸಿದಾಗ ಕಾಯಿ ಲೊಟಲೊಟ ಅನ್ನುತ್ತದೆ. ಅಂದರೆ ಒಡೆಯಬಹುದು. ಸುಮ್ಮನಿದ್ದರೆ ಇನ್ನೂ ಬಿಡಬೇಕು. ಕೇಳಿ ಹೇಳುವುದೇ ನನ್ನ ವಿದ್ಯೆ. ಬೇರೆ ವ್ಯಾಪಾರಿಗಳು ಒಂದೊಂದೇ ಕಾಯಿ ಅಲ್ಲಾಡಿಸುತ್ತಾರೆ, ಪಾಪ. ನಾನು ಎರಡು ಕೈಗೆ ಎರಡು ಕಾಯಿ, ಎರಡು ಕಿವಿಗೆ ಎರಡು ಸದ್ದು. ಅವರು ಒಂದು ಅಟ್ಟ ಮುಗಿಸುವಷ್ಟರಲ್ಲಿ ನಾನು ಎರಡು ಮುಗಿಸಿ ಕಾಫಿ ಕುಡಿದಿರುತ್ತೇನೆ. (ಕಾಫಿ ಅವರ ಮನೆಯದೇ.)

ಇಂಥ ಕಿವಿಗೆ ಒಂದು ಮರ್ಯಾದೆ ಬೇಡವೇ? ಹಾಡು ಕೇಳಲು ಬೆಂಕಿಪೊಟ್ಟಣದಷ್ಟೇ ಇರುವ ಎಂಪಿತ್ರೀ ಪ್ಲೇಯರ್ ತಗೊಂಡೆ. ಅದರ ಜೊತೆ ಪುಕ್ಕಟೆ ಬಂದ ಇಯರ್‌ಫೋನು ಬಸ್ಸು ಒಂದು ಹಂಪು ಹಾರಿದರೆ ಕಿವಿಯಿಂದ ಉದುರಿ ಪಕ್ಕದವರ ತೊಡೆ ಮೇಲೆ ಬೀಳುತ್ತಿತ್ತು. ಅಂತೂ ಅದನ್ನು ಎಸೆದು, ಕಿವಿಯೊಳಕ್ಕೇ ಹೋಗಿ ಕೂರುವ ರಬ್ಬರ್ ಮೂತಿಯ ಇಯರ್‌ಫೋನ್ ಹುಡುಕಿಕೊಂಡು ಹಾಸನದ ಬಸ್ ಸ್ಟ್ಯಾಂಡ್ ಬಳಿಯ ಒಂದು ಅಂಗಡಿಗೆ ಹೋದೆ.

ಅಂಗಡಿಯ ಲೋಕೇಶ ಬಿ.ಎಸ್ಸಿ. ಮಾಡಿದವನು. ಅದನ್ನು ನಾನು ಕೇಳಿರಲಿಲ್ಲ, ಅವನೇ ಹೇಳಿದ. ಬಾಸು, ಟ್ರೆಬಲ್ಲು, ಐಸೊಲೇಷನ್ನು ಅಂತ ಹತ್ತು ನಿಮಿಷ ಪಾಠ ಮಾಡಿದ. ಆಮೇಲೆ ಮೂರು ಸೈಜಿನ ರಬ್ಬರ್ ಮುಂದಿಟ್ಟು, "ನಿಮ್ದು ಯಾವ ಸೈಜು ಸಾ?" ಅಂದ. ಚಪ್ಪಲಿಗೆ ಸೈಜು ಗೊತ್ತು, ಬನಿಯನ್ನಿಗೆ ಗೊತ್ತು. ಕಿವಿ ತೂತಿಗೂ ಸೈಜು ಇಟ್ಟುಕೊಂಡು ಯಾರಾದರೂ ಓಡಾಡುತ್ತಾರೆಯೇ?

"ಬಜೆಟ್ ಎಷ್ಟು ಸಾ?"

"ಕೇಳ್ಸಂಗಿದ್ರೆ ಸಾಕು ಕಣಯ್ಯ. ಅಡ್ಡ ಪಲ್ಲಕ್ಕೀಲಿ ಕೂತ್ಕಂಡು ಕೇಳಲ್ಲ ನಾನು."

ಅರವತ್ತು ರೂಪಾಯಿಯದು ಕೊಟ್ಟ. ಬಸ್ಸು ಹತ್ತಿ ಹಾಕಿಕೊಂಡೆ. ಬಲಗಡೆ ತಬಲ, ಹಾಡು, ಕೋರಸ್ಸು, ಎಲ್ಲಾ. ಎಡಗಡೆ ಯಾರೋ ಗೋಡೆಯಾಚೆ ಅವರೆಕಾಯಿ ಬಿಡಿಸುತ್ತಿದ್ದ ಹಾಗೆ.

ಮಾರನೇ ವಾರ ಹೋಗಿ ಕೌಂಟರ್ ಮೇಲೆ ಬಿಸಾಕಿದೆ. "ಎಡಗಡೆದು ಸತ್ತೋಗದೆ ಕಣಯ್ಯ."

ಅವನು ತನ್ನ ಕಿವಿಗೆ ಇಟ್ಟು ನೋಡಿದ. "ನಂಗೆ ಚೆನ್ನಾಗಿ ಬತ್ತದಲ್ಲ ಸಾ."

"ನಿಂಗೆ ಬಂದೇ ಬತ್ತದೆ. ನಿನ್ನಂಗ್ಡಿ ಮಾಲು."

"ಕಿವಿಗೆ ಆಕಿದ್ದು ವಾಪಸ್ ತಗಳಲ್ಲ ಸಾ. ನಿಮ್ಮ ಗುಗ್ಗೆ ಇನ್ನೊಬ್ರಿಗೆ ಯಾಕೆ?"

ವಿದ್ಯಾವಂತರ ಮಾತು ನೋಡಿ! ಸಿಟ್ಟಿನಲ್ಲಿ ನೂರೈವತ್ತರದು ತಗೊಂಡೆ. ಬಸ್ಸು ಹತ್ತಿದೆ. ಎಡಗಡೆ ಅದೇ ಗೋಡೆ, ಅದೇ ಅವರೆಕಾಯಿ.

ಮೂರನೇ ಸಲ ಹೋದಾಗ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಒಳ್ಳೆಯದೇ ಆಯಿತು, ಸಾಕ್ಷಿ ಬೇಕಿತ್ತು ನನಗೆ. ದೊಡ್ಡ ದನಿಯಲ್ಲಿ ಶುರು ಮಾಡಿದೆ. "ನೋಡ್ರಪ್ಪಾ, ಈ ಅಂಗ್ಡೀಲಿ ಎಡಗಡೆ ಸತ್ತಿರೋ ಮಾಲೇ ಮಾರೋದು! ಮೂವತ್ತಾರು ವರ್ಸದಿಂದ ಕಿವೀಲೇ ವ್ಯಾಪಾರ ಮಾಡಿದೋನು ಕಣ್ಲಾ ನಾನು! ನಂಗೇ ಟೋಪಿನಾ?"

ಲೋಕೇಶ ಸಿಟ್ಟಾಗಲಿಲ್ಲ. ಮುನ್ನೂರೈವತ್ತರ ಹೊಸ ಪೊಟ್ಟಣ ಒಡೆದು ಪ್ಲೇಯರ್‌ಗೆ ಚುಚ್ಚಿ ಕೊಟ್ಟ. ಹಾಕಿಕೊಂಡೆ. ಎಡಗಡೆ ಸತ್ತಿತ್ತು. ಗೆದ್ದೆ ಅಂದುಕೊಂಡು ಎಲ್ಲರ ಮುಖ ನೋಡಿದೆ.

"ಸಾ, ಈಗ ತಿರುಗ್ಸಿ ಆಕ್ಕಳಿ. ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ."

ಹಾಕಿಕೊಂಡೆ. ಸತ್ತಿದ್ದದ್ದು ಬಲಗಿವಿಯಲ್ಲಿ ಎದ್ದು ಕೂತು ಹಾಡಿತು. ಬದುಕಿದ್ದದ್ದು ಎಡಗಿವಿಗೆ ಹೋಗುತ್ತಲೇ ಸತ್ತಿತು.

ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಲೋಕೇಶ ಮೆಲ್ಲಗೆ, "ಯಾವ್ದಕ್ಕೂ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಸಾ" ಅಂದ. ಮುನ್ನೂರೈವತ್ತು ಎಣಿಸಿ ಕೊಟ್ಟು ಬಂದೆ. ಮರ್ಯಾದೆ ಕಳೆದುಕೊಂಡ ಅಂಗಡಿಯಿಂದ ಬರಿಗೈಯಲ್ಲಿ ಬರಬಾರದು ಅನ್ನುವಷ್ಟು ತಿಳಿವಳಿಕೆಗೆ ಎಂಟನೇ ಕ್ಲಾಸು ಸಾಕು.

ಬಸ್ಸಿನಲ್ಲಿ ಪ್ಲೇಯರ್ ಹಾಕಲಿಲ್ಲ. ಕೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದೆ. ಬಲಗೈ ಕಾಯಿ ಬಲಗಿವಿಗೆ, ಎಡಗೈ ಕಾಯಿ ಎಡಗಿವಿಗೆ. ಒಂದೆರಡು ವರ್ಷದಿಂದ ಯಾವ ಅಟ್ಟಕ್ಕೆ ಹತ್ತಿದರೂ ಸುಮಾರು ಅರ್ಧ ಕಾಯಿ 'ಇನ್ನೂ ಬಿಟ್ಟಿಲ್ಲ' ಅಂತ ಪಕ್ಕಕ್ಕೆ ತಳ್ಳುತ್ತಿದ್ದೆನಲ್ಲ, ಅವು ಯಾವ ಕೈಯವು?

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಹುರಳಿಕಾಯಿ ಮುರಿಯುತ್ತಲೇ, "ಎಡಗಡೆ ನಿಂತ್ಕಂಡು ಏನ್ ಏಳುದ್ರೂ ನೀವು ಉತ್ರ ಕೊಡ್ದೆ ಎಲ್ಡು ವರ್ಸ ಆತು" ಅಂದಳು.

"ಮತ್ಯಾಕೆ ಏಳ್ಳಿಲ್ಲ?"

"ಕಿವುಡು ಅಂತ ನಂಗೇನು ಗೊತ್ತು? ಕೊಬ್ಬು ಅನ್ಕಂಡಿದ್ದೆ."

ಡಾಕ್ಟರು ಕಿವಿಗೆ ದೀಪ ಬಿಟ್ಟು ನೋಡಿ, ಏನೇನೋ ಸದ್ದು ಕೇಳಿಸಿ, ನರ ಸೋತಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು. ಗುಗ್ಗೆ ಇದೆಯಾ ಅಂತ ಆಸೆಯಿಂದ ಕೇಳಿದೆ. ಇಲ್ಲವಂತೆ. ಜೀವನದಲ್ಲಿ ಮೊದಲ ಸಲ ಕೊಳಕಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಇದನ್ನು ಬಚ್ಚಿಟ್ಟುಕೊಳ್ಳಬಹುದಿತ್ತು. ಕಿವಿ ಹೋದ ಕೊಬ್ಬರಿ ವ್ಯಾಪಾರಿಯನ್ನು ಯಾರು ಅಟ್ಟಕ್ಕೆ ಹತ್ತಿಸುತ್ತಾರೆ? ಇನ್ನುಮೇಲೆ ಒಂದೊಂದೇ ಕಾಯಿ, ಬಲಗಿವಿಗೆ ಮಾತ್ರ, 'ವಯಸ್ಸಾಯ್ತಪ್ಪ' ಅಂದುಕೊಂಡು ಕಾಲ ಹಾಕಬಹುದಿತ್ತು. ಆದರೆ ಹಿರೀಸಾವೆ ಪಕ್ಕದ ಹಳ್ಳಿಯ ಗೌರಮ್ಮ ನಿದ್ದೆ ಕೊಡಲಿಲ್ಲ.

ಗೌರಮ್ಮನ ಅಟ್ಟದಲ್ಲಿ ಹೋದ ಸಲ ನಾನು ಬಿಟ್ಟು ಬಂದ ಕಾಯಿ ಬಹಳ. "ಯಾಕಪ್ಪಾ ಇಂಗಾತು?" ಅಂದಿದ್ದಕ್ಕೆ ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ. ಅಟ್ಟದ ಕೆಳಗೆ, ಹೊಗೆಯಾಡುತ್ತಿದ್ದ ಸೌದೆ ಒಲೆಯ ಜಾಗದಲ್ಲಿ ಆಕೆಯ ಹೊಸ ಗ್ಯಾಸ್ ಒಲೆ ಕಣ್ಣಿಗೆ ಬಿತ್ತು. "ಗ್ಯಾಸ್ ತಂದಿದ್ದೀಯ, ಒಗೆ ಇಲ್ಲ. ಒಗೆ ಕಾಣ್ದಿರೋ ಅಟ್ಟದಲ್ಲಿ ಕೊಬ್ರಿ ಎಂಗೆ ಬುಟ್ಕಂತದೆ?" ಅಂತ ದೊಡ್ಡ ಉಪನ್ಯಾಸ ಕೊಟ್ಟು ಬಂದಿದ್ದೆ.

ಈ ಸೋಮವಾರ ಹೋದೆ. ಗ್ಯಾಸ್ ಒಲೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಗೌರಮ್ಮ ಸೌದೆ ಒಲೆ ಮುಂದೆ ಕೆಮ್ಮುತ್ತಾ ಊದುಗೊಳವೆ ಊದುತ್ತಿದ್ದಳು. ನನ್ನ ಮಾತು ಕೇಳಿ, ನಾಲ್ಕು ತಿಂಗಳಿಂದ.

ಅಟ್ಟ ಹತ್ತಿದೆ. ಬಿಟ್ಟು ಬಂದ ಕಾಯಿಗಳನ್ನು ಒಂದೊಂದಾಗಿ ಬಲಗಿವಿಗೆ ಹಿಡಿದೆ. ಲೊಟಲೊಟ. ಲೊಟಲೊಟ. ಎಲ್ಲವೂ ಬಾಯಿಬಿಟ್ಟು ಹೇಳುತ್ತಿದ್ದವು. ಒಂದೆರಡನ್ನು ಒಡೆದು ನೋಡಿದೆ. ಕೊಬ್ಬರಿ ಕಾಲ ಮೀರಿ ಮುಗ್ಗಲು ಹಿಡಿದಿತ್ತು.

ಇಳಿದು ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೌರಮ್ಮ ಊದುಗೊಳವೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಂಗಾರೆ ನನ್ನ ಒಲೇದು ತಪ್ಪಿಲ್ಲ?"

"ಇಲ್ಲ ಗೌರಮ್ಮ."

"ನಿನ್ನ ಕಿವೀದು?"

"ಊಂ."

"ಕಿವಿ ಕೆಟ್ಟೋಗದು ಯಾರ ಕೈಲೂ ಇಲ್ಲ ಕಣಪ್ಪ ಸಾವ್ಕಾರ. ನಾಲ್ಗೆ ಇಡ್ಕಳದು ನಿನ್ನ ಕೈಲೇ ಇತ್ತಲ್ಲ?"

ಹಾಳಾದ ಕಾಯಿಗೆಲ್ಲ ಒಳ್ಳೇ ಕೊಬ್ಬರಿಯ ರೇಟೇ ಕೊಡುತ್ತೇನೆ ಅಂದೆ. ಬೇಡ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

"ಇನ್ಮ್ಯಾಕೆ ನಾನೇ ಅಲ್ಲಾಡ್ಸಿ ಕೊಡ್ತೀನಿ. ನೀನು ಚೀಲ ಇಡ್ಕಂಡು ನಿಂತ್ಕೊ, ಸಾಕು" ಅಂದು ಗ್ಯಾಸ್ ಒಲೆಯ ಗೋಣಿಚೀಲ ಎಳೆದಳು.

ಉಳಿದ ಅಟ್ಟಗಳಿಗೂ ಒಂದೊಂದಾಗಿ ಹೋಗಿ ಬರಬೇಕು. ನಾನು ಬರುವ ಮೊದಲೇ ಇದನ್ನು ಓದಿದವರು ಬಾಗಿಲು ಹಾಕಿಕೊಳ್ಳದಿದ್ದರೆ ಉಪಕಾರ.

ಸದ್ಯಕ್ಕೆ ನನ್ನ ಹತ್ತಿರ ಇರುವುದಿಷ್ಟು: ಪ್ಲೇಯರ್ ಒಂದು, ಇಯರ್‌ಫೋನ್ ಮೂರು ಜೊತೆ, ಕಿವಿ ಒಂದು.